ಎರೆಹೊಲ ಬಾಯಿ ತೆರೆದ ಬೇಸಿಗೆ

ಆಗಿನ್ನೂ ಲೋಕ ಹೊಸದು. ಯಾವ ಕಡೆ ಹುಟ್ಟಬೇಕು, ಯಾವ ಕಡೆ ಮುಳುಗಬೇಕು ಎಂಬುದು ಸೂರ್ಯನಿಗೇ ಸರಿಯಾಗಿ ರೂಢಿಯಾಗಿರಲಿಲ್ಲ. ಗಾಳಿ ಮಾತಾಡುತ್ತಿತ್ತು, ಇರುವೆ ಮಾತಾಡುತ್ತಿತ್ತು, ನೆಲವೂ ಮಾತಾಡುತ್ತಿತ್ತು. ಮನುಷ್ಯರು ಮಾತ್ರ ಈಗಿನಷ್ಟು ಮಾತಾಡುತ್ತಿರಲಿಲ್ಲ, ಅದೊಂದು ಪುಣ್ಯ.

ಆ ಕಾಲದಲ್ಲಿ ಎರೆಹೊಲಕ್ಕೆ ಒಂದು ಬಿರುಕೂ ಇರಲಿಲ್ಲ. ಮಳೆಗಾಲವಿರಲಿ ಬೇಸಿಗೆಯಿರಲಿ, ಆಗತಾನೇ ನಾದಿಟ್ಟ ಹಿಟ್ಟಿನ ಹಾಗೆ ನುಣ್ಣಗೆ, ಕರ್ರಗೆ ಮಲಗಿರುತ್ತಿತ್ತು. ಜನ ಅದನ್ನು ನೆಲದವ್ವ ಎಂದು ಕರೆಯುತ್ತಿದ್ದರು.

ಆ ಕಪ್ಪುನೆಲದ ಸೀಮೆಯ ಒಂದು ಊರಿನಲ್ಲಿ ದುಂಡವ್ವ ಅಂತ ಒಬ್ಬ ಸೊಸೆ. ಕೈರುಚಿ ಅಂದರೆ ಅವಳದೇ. ಅವಳು ಬದನೆಕಾಯಿ ಪಲ್ಯ ಮಾಡಿದ ದಿನ ನೆರೆಮನೆಯವರು ಒಲೆಗೆ ಕೆಂಡ ಕೇಳುವ ನೆಪದಲ್ಲಿ ಬಂದು, ಕೆಂಡ ಮರೆತು ಹೊಸ್ತಿಲಲ್ಲೇ ಕೂತುಬಿಡುತ್ತಿದ್ದರು. ತನ್ನ ಕೈ ಎಂಥದ್ದು ಎಂಬುದು ದುಂಡವ್ವನಿಗೂ ಗೊತ್ತಿತ್ತು. ಸ್ವಲ್ಪ ಜಾಸ್ತಿಯೇ ಗೊತ್ತಿತ್ತು ಅನ್ನು.

ಚಳಿಗಾಲ ಬಂತು. ಜೋಳ ಆಳೆತ್ತರ ನಿಂತು ತೆನೆ ಹಿಡಿಯಿತು, ಕಾಳಿನೊಳಗೆ ಹಾಲು ತುಂಬತೊಡಗಿತು. ಆಗ ಊರವರೆಲ್ಲ ಸೇರಿ ಮಾತಾಡಿಕೊಂಡರು. ನೆಲದವ್ವ ಈಗ ತುಂಬಿದ ಬಸುರಿ, ಮನೆಯ ಹೆಣ್ಣುಮಕ್ಕಳಿಗೆ ಬಯಕೆಯೂಟ ಮಾಡಿ ಹಾಕುತ್ತೇವೆ, ಇವಳಿಗೆ ಮಾತ್ರ ಯಾಕಿಲ್ಲ ಎಂದರು. ಅಡುಗೆ ಮಾಡಿ, ಹೊಲಕ್ಕೆ ಒಯ್ದು, ನಾಲ್ಕೂ ದಿಕ್ಕಿಗೆ ಚೆಲ್ಲಬೇಕು ಎಂದು ಗೊತ್ತುಮಾಡಿ ಅದಕ್ಕೆ ಚರಗ ಅಂತ ಹೆಸರಿಟ್ಟರು. ಊರಿಗೆಲ್ಲ ಒಂದೇ ಚರಗ. ಅದನ್ನು ಯಾರು ಮಾಡಬೇಕು? ಇನ್ಯಾರು, ದುಂಡವ್ವ.

ದುಂಡವ್ವ ನಸುಕಿನಲ್ಲೇ ಎದ್ದು ಮಿಂದು ಒಲೆ ಹಚ್ಚಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಟ್ಟಿದಳು, ಬೆಲ್ಲದ ಕಡುಬು ಮಾಡಿದಳು, ಬದನೆಕಾಯಿ ಪಲ್ಯ ಮಾಡಿದಳು. ಅವಳ ಅತ್ತೆ ಪಕ್ಕದಲ್ಲೇ ಕೂತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಇದು ನೆಲದವ್ವನ ಮೀಸಲು, ಅವಳು ಉಣ್ಣುವ ಮೊದಲು ಯಾರೂ ಬಾಯಿಗೆ ಹಾಕಬಾರದು, ರುಚಿ ನೋಡುವುದಿರಲಿ, ಮೂಸಿಯೂ ನೋಡಬಾರದು ಎಂದು. ದುಂಡವ್ವ ಹೂಂಗುಟ್ಟಿ ಬುಟ್ಟಿ ಹೊತ್ತು ಹೊರಟಳು. ಊರವರು ದಾರಿಗೆ ನೀರು ಹಾಕಿ ಕಳಿಸಿದರು.

ಅರ್ಧ ದಾರಿಯಲ್ಲಿ ಒಂದು ಬನ್ನಿ ಮರ. ಅಲ್ಲಿಗೆ ಬಂದದ್ದೇ ಅವಳಿಗೆ ಧಸಕ್ಕೆಂದಿತು. ಪಲ್ಯಕ್ಕೆ ಉಪ್ಪು ಹಾಕಿದ್ದೇನೋ ಇಲ್ಲವೋ?

ದಿನಾ ರುಚಿ ನೋಡಿ ಮಾಡಿದ ಕೈ ಅದು. ಇವತ್ತು ನೋಡಿರಲಿಲ್ಲ. ಇಷ್ಟು ದಿನ ಗಳಿಸಿದ ಹೆಸರು, ನೆಲದವ್ವ ಮೊದಲ ತುತ್ತಿಗೇ ಮುಖ ಸಿಂಡರಿಸಿದರೆ ಏನು ಗತಿ? ದುಂಡವ್ವ ಬುಟ್ಟಿ ಇಳಿಸಿದಳು. ಆಚೆ ಈಚೆ ನೋಡಿದಳು. ಬೆರಳ ತುದಿಯಲ್ಲಿ ಒಂದು ಚೂರು ಪಲ್ಯ ತೆಗೆದು ನಾಲಿಗೆಗೆ ಮುಟ್ಟಿಸಿದಳು.

ಉಪ್ಪು ಸರಿಯಾಗಿಯೇ ಇತ್ತು. ಮೀಸಲು ಮಾತ್ರ ಕೆಟ್ಟುಹೋಯಿತು.

ಈಗ ಅದು ಎಂಜಲು. ಬಸುರಿಗೆ, ಅದೂ ನೆಲದವ್ವನಿಗೆ, ಎಂಜಲು ಹಾಕುವುದುಂಟೇ? ವಾಪಸು ಹೋಗಿ ಬೇರೆ ಮಾಡಿಕೊಂಡು ಬರೋಣವೆಂದರೆ ಯಾಕೆ ಬಂದೆ ಅಂತ ಅತ್ತೆ ಕೇಳುತ್ತಾಳೆ, ಊರೆಲ್ಲ ಕೇಳುತ್ತದೆ. ಏನು ಹೇಳುವುದು? ಅವಳು ಮರದ ಬುಡದಲ್ಲಿ ಕುಸಿದು ಕೂತಳು. ಬೆಳಗಿನಿಂದ ಹನಿ ನೀರು ಕುಡಿದಿರಲಿಲ್ಲ. ಹೇಗೂ ಕೆಟ್ಟಿದೆ ಎಂದು ಒಂದು ಕಡುಬು ಮುರಿದಳು. ಹೇಗೂ ಮುರಿದಿದೆ ಎಂದು ಇನ್ನೊಂದು ತಿಂದಳು. ಲೋಕ ಹೊಸದು, ಬುಟ್ಟಿಗಳೂ ಆಗ ಚಿಕ್ಕವು. ಬುಟ್ಟಿಯ ತಳ ಕಂಡಾಗಲೇ ಅವಳಿಗೆ ಎಚ್ಚರವಾದದ್ದು.

ಅವಳು ಖಾಲಿ ಬುಟ್ಟಿಗೆ ಬಟ್ಟೆ ಮುಚ್ಚಿಕೊಂಡು ಹೊಲಕ್ಕೆ ಹೋದಳು. ನೆಲದವ್ವ ಬಿಸಿಲಿಗೆ ಜೊಂಪು ಹತ್ತಿ ಮಲಗಿದ್ದಳು. ಹೆಜ್ಜೆಯ ಸಪ್ಪಳಕ್ಕೆ ಎಚ್ಚರಾದಳು.

"ಬಂದೇನವ್ವಾ? ಮುಂಜಾನಿಯಿಂದ ವಾಸನಿ ಬರಾಕತ್ತೈತಿ, ಕಾದು ಕಾದು ಹಂಗ ಮಲಗಿದೆ" ಎಂದಳು.

ದುಂಡವ್ವ ಬುಟ್ಟಿಯನ್ನು ಹಿಂದಕ್ಕೆ ಸರಿಸಿದಳು. "ಆಗಲೇ ಉಂಡೆಲ್ಲವ್ವಾ. ನಿದ್ದಿಗಣ್ಣಾಗಿದ್ದಿ, ನಾನೇ ತುತ್ತು ಮಾಡಿ ಹಾಕಿದೆ" ಎಂದಳು.

ನೆಲದವ್ವ ಅವಳ ಮುಖ ನೋಡಿದಳು. ಆಮೇಲೆ, "ಹೌದೇನು? ಹಂಗಾರ ಉಂಡಿರಬೇಕು ಬಿಡು. ಛಲೋ ಇತ್ತವ್ವಾ" ಎಂದಳು.

ಚೆಲ್ಲಿದ ಚೂರು ಆಯಲು ಇರುವೆಗಳು ಸಾಲಾಗಿ ಬಂದಿದ್ದವು. ಹೊಲವೆಲ್ಲ ಸುತ್ತಿದರೂ ಒಂದು ಚೂರೂ ಸಿಗಲಿಲ್ಲ. ಗಾಳಿಗೂ ಗೊತ್ತಿತ್ತು, ಎಳ್ಳಿನ ವಾಸನೆ ಹೊಲದಲ್ಲಿರಲಿಲ್ಲ, ಬನ್ನಿ ಮರದ ಬುಡದಲ್ಲಿತ್ತು. ಇರುವೆಯೂ ಗಾಳಿಯೂ ಏನೂ ಅನ್ನಲಿಲ್ಲ. ಅವಳ ಮುಖವನ್ನು ನೋಡಿ ತಮ್ಮ ಪಾಡಿಗೆ ತಾವು ಹೋದವು. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ದುಂಡವ್ವನಿಗೆ.

ಆ ವರ್ಷ ನೆಲದವ್ವ ಹಸಿದ ಹೊಟ್ಟೆಯಲ್ಲೇ ಹೆತ್ತಳು. ಒಂದು ಕಾಳೂ ಉಳಿಸಿಕೊಳ್ಳದೆ ಎಲ್ಲ ಕೊಟ್ಟಳು. ಕಣದಲ್ಲಿ ಜೋಳದ ರಾಶಿ ಎದೆಯೆತ್ತರ ಬಿತ್ತು. ಇದೆಲ್ಲ ದುಂಡವ್ವನ ಕೈಗುಣ ಎಂದು ಜನ ಹೊಗಳಿದ್ದೇ ಹೊಗಳಿದ್ದು. ಅವಳು ತಲೆ ತಗ್ಗಿಸಿದಳು. ಎಷ್ಟು ನಾಚಿಕೆ ನೋಡು ಸೊಸೆಗೆ ಎಂದು ಮುದುಕಿಯರು ಮೆಚ್ಚಿಕೊಂಡರು. ನಾಚಿಕೆ ಹೌದು, ಯಾವುದರ ನಾಚಿಕೆ ಎಂಬುದು ಅವರಿಗೇನು ಗೊತ್ತು? ಹೊಸ ಜೋಳದ ರೊಟ್ಟಿ ಅವಳ ಗಂಟಲಲ್ಲಿ ಇಳಿಯಲೇ ಇಲ್ಲ.

ಬೇಸಿಗೆ ಬಂತು. ಒಂದು ಬೆಳಿಗ್ಗೆ ನೋಡಿದರೆ ಎರೆಹೊಲದಲ್ಲಿ ಕೂದಲೆಳೆಯಷ್ಟು ಗೆರೆ. ಮರುದಿನ ಬೆರಳು ತೂರುವಷ್ಟಾಯಿತು. ವಾರ ಕಳೆಯುವಷ್ಟರಲ್ಲಿ ಹೊಲದ ತುಂಬ ಬಿರುಕು, ದನದ ಕಾಲು ಸಿಕ್ಕಿಕೊಳ್ಳುವಂಥ ಬಿರುಕು. ಊರವರು ಹೌಹಾರಿದರು. ಹೆತ್ತವಳ ಬಾಯಿ ಹೀಗೆ ಒಣಗಿದೆಯಲ್ಲ, ಉಂಡವಳಿಗೆ ಹೀಗಾಗುತ್ತದೆಯೇ ಎಂದು ಒಬ್ಬರನ್ನೊಬ್ಬರು ಕೇಳಿದರು. ಕೊನೆಗೆ ಎಲ್ಲರೂ ದುಂಡವ್ವನ ಮನೆಗೇ ಬಂದರು. ಕೈಯಾರೆ ಉಣಿಸಿದವಳು ನೀನು, ನಿನ್ನ ಹತ್ತಿರ ಹೇಳಿಯಾಳು, ಏನಾಗಿದೆ ಕೇಳಿ ಬಾ ತಾಯಿ ಎಂದು ಕೈ ಮುಗಿದರು.

ಅಷ್ಟು ಜನ ಕೈ ಮುಗಿದಾಗ ದುಂಡವ್ವ ನಾಚಿಕೆಯಿಂದ ಹಿಡಿಯಷ್ಟಾದಳು. ಹೊಲದವರೆಗೆ ಹೇಗೆ ನಡೆದಳೋ ಅವಳಿಗೇ ಗೊತ್ತಿಲ್ಲ. ಮರ್ಯಾದೆ ಹೋದಾಗ ಜನ ಅನ್ನುವುದಿಲ್ಲವೇ, ಭೂಮಿ ಬಾಯಿಬಿಟ್ಟು ನನ್ನ ನುಂಗಬಾರದೇ ಅಂತ? ಅವಳೆದುರು ನೆಲ ಬಾಯಿಬಿಟ್ಟುಕೊಂಡೇ ಇತ್ತು. ನುಂಗಲಿಲ್ಲ. ಸುಮ್ಮನೆ ಕಾಯುತ್ತಿತ್ತು.

ದುಂಡವ್ವ ಮೊಣಕಾಲೂರಿ ಬಿರುಕಿಗೆ ಬಾಯಿಟ್ಟಳು. ಮೊದಲು ಅಳು ಬಂತು, ಆಮೇಲೆ ಮಾತು ಬಂತು. ಉಪ್ಪಿನಿಂದ ಹಿಡಿದು ಬುಟ್ಟಿಯ ತಳದವರೆಗೆ ಒಂದೂ ಬಿಡದೆ ಹೇಳಿದಳು.

"ಗೊತ್ತಿತ್ತವ್ವಾ" ಎಂದಳು ನೆಲದವ್ವ. "ಉಂಡಿಲ್ಲ ಅನ್ನೂದು ಹಸಿದ ಹೊಟ್ಟಿಗೆ ಗೊತ್ತಾಗೂದಿಲ್ಲೇನು?"

"ಮತ್ತ ಛಲೋ ಇತ್ತು ಅಂದೆಲ್ಲ?"

"ನಿನ್ನ ಮುಖ ನೋಡಿದೆ. ಬ್ಯಾರೆ ಏನ ಅನ್ನಲಿ?"

"ಎಂಜಲಾಗಿತ್ತವ್ವಾ. ಹೆಂಗ ತಂದು ನಿನ್ನ ಮುಂದಿಡಲಿ?"

ನೆಲದವ್ವ ನಿಟ್ಟುಸಿರುಬಿಟ್ಟಳು. "ಮಕ್ಕಳ ಎಂಜಲಾ ಉಣ್ಣದ ತಾಯಿ ಎಲ್ಲಿದ್ದಾಳ? ತರಬೇಕಾಗಿತ್ತು, ಮಗಳ. ನಾ ಉಣ್ಣತಿದ್ದೆ."

ದುಂಡವ್ವನಿಗೆ ತಲೆ ಎತ್ತಲಾಗಲಿಲ್ಲ. ಹಣೆಯನ್ನು ಮಣ್ಣಿಗೆ ಒತ್ತಿಕೊಂಡು ಎಷ್ಟೋ ಹೊತ್ತು ಹಾಗೇ ಇದ್ದಳು. ಕಡೆಗೆ, ನನ್ನ ತಪ್ಪು ಹೊಟ್ಟೆಗೆ ಹಾಕಿಕೊ, ಈ ಬಾಯಿ ಮುಚ್ಚು, ನೋಡಲಾರೆ ಎಂದು ಬೇಡಿಕೊಂಡಳು.

"ಮಳಿ ಬಂದಾಗ ಮುಚ್ಚತೀನಿ" ಎಂದಳು ನೆಲದವ್ವ. "ಆದ್ರ ಪ್ರತಿ ಬ್ಯಾಸಿಗಿಗೆ ಹಿಂಗ ತೆರೀತೀನಿ. ನಿನ್ನಂಗ ಯಾರ ಮುಂದನೂ ಹೇಳಲಾರದವರು ಬರತಾರ. ಅವರು ಎಲ್ಲಿ ಹೋಗಬೇಕು? ಬಂದು ಆ ಮಾತು ನನ್ನ ಬಾಯಾಗ ಹಾಕಲಿ. ಹೊರಗ ಬಿಡೂದಿಲ್ಲ."

ಮುಂದಿನ ಚಳಿಗಾಲ ದುಂಡವ್ವ ಮತ್ತೆ ಚರಗ ಹೊತ್ತಳು. ಈ ಸಲ ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ. ಗಾಳಿಗೂ ಇರುವೆಗೂ ಕೇಳಿಸಲಿ ಎಂದು ಕೂಗಿ ಕೂಗಿ ನಾಲ್ಕೂ ದಿಕ್ಕಿಗೆ ಚೆಲ್ಲಿದಳು. ಆವತ್ತು ಪಲ್ಯಕ್ಕೆ ಉಪ್ಪೇ ಬಿದ್ದಿರಲಿಲ್ಲ. ನೆಲದವ್ವ ಒಂದು ಚೂರೂ ಬಿಡದೆ ಉಂಡಳು.

ಅದಕ್ಕೇ ಮಗು, ಈಗಲೂ ಚರಗ ಚೆಲ್ಲುವವರು ಕೂಗುತ್ತಾರೆ. ಅದಕ್ಕೇ ಎರೆಹೊಲ ಬೇಸಿಗೆಗೆ ಬಾಯಿ ತೆರೆಯುತ್ತದೆ, ಮೊದಲ ಮಳೆಗೆ ಗಪ್ಪನೆ ಮುಚ್ಚಿಕೊಳ್ಳುತ್ತದೆ. ನಡು ಬೇಸಿಗೆಯಲ್ಲಿ ಯಾರಾದರೂ ಬಿರುಕಿನ ಹತ್ತಿರ ಬಗ್ಗಿ ಕೂತದ್ದು ಕಂಡರೆ, ಏನು ಬಿತ್ತು ಅಂತ ಕೇಳಲು ಹೋಗಬೇಡ, ಸುಮ್ಮನೆ ಬೇರೆ ದಾರಿ ಹಿಡಿದು ಬಾ.