ಗೂಡಿನ ಬಾಗಿಲಲ್ಲಿ ಮುಂಗುಸಿ

ಮೊಟ್ಟೆ ಕದ್ದು ಸಿಕ್ಕಿಬಿದ್ದ ಮುಂಗುಸಿಯನ್ನು ಕೋಳಿಗಳು ಮೂರು ತಿಂಗಳು ಪಂಜರದಲ್ಲಿ ಕೂಡಿಹಾಕಿದವು. ಮೊದಲ ತಿಂಗಳು ಅದು ಸರಳು ಕಚ್ಚಿ ಹಲ್ಲು ಮುರಿದುಕೊಂಡಿತೇ ಹೊರತು ಬುದ್ಧಿ ಕಲಿಯಲಿಲ್ಲ. ಒಂದು ದಿನ, ಮೊಟ್ಟೆ ಕಳೆದುಕೊಂಡ ಹೇಂಟೆಯೇ ಪಂಜರದ ಬಳಿ ಬಂದಿತು.

“ಹಾವು ಬಂದರೆ ನಾವು ಕೂಗಬಲ್ಲೆವು, ಅಷ್ಟೆ. ನೀನು ಹೊಡೆದೋಡಿಸಬಲ್ಲೆ. ಅಂಥವನು ಕಳ್ಳನಾಗಿಯೇ ಸಾಯಬೇಕೆ?”

ಆ ಮಾತು ಮುಂಗುಸಿಯ ಎದೆಗೆ ನಾಟಿತು. ಅಂದಿನಿಂದ ಅದು ಸರಳು ಕಚ್ಚಲಿಲ್ಲ.

ಬಿಡುಗಡೆಯ ದಿನ ಹುಂಜ ಪಂಜರದ ಬಾಗಿಲು ತೆರೆದು, “ಕಾಡಿಗೆ ಹೋಗು. ಇತ್ತ ತಲೆಹಾಕಬೇಡ” ಎಂದಿತು.

“ಕದ್ದದ್ದು ಇಲ್ಲಿ. ಕಾಯುವುದೂ ಇಲ್ಲೇ,” ಎಂದ ಮುಂಗುಸಿ, ಕೋಳಿಗೂಡಿನ ಬಾಗಿಲಿಗೆ ಹೋಗಿ, ಗೂಡಿಗೆ ಬೆನ್ನು ಮಾಡಿ ಕುಳಿತಿತು.

ಹುಂಜ ರೆಕ್ಕೆ ಕೆದರಿತು. ಹೇಂಟೆ ಸ್ವಲ್ಪ ಹೊತ್ತು ನೋಡಿ, ತಾನು ಕಾವು ಕೊಡುತ್ತಿದ್ದ ಮೊಟ್ಟೆಗಳ ಮೇಲಿಂದ ಎದ್ದು ಕಾಳು ಹೆಕ್ಕಲು ಹೊರಟಿತು.