ಬರಿದಾಗಿ ಮರಳದ ಬಂಡಿ

"ಅಪ್ಪಾವರೇ, ಸಾವುಕಾರನ ಗೋದಾಮು ಸುಟ್ಟರೆ ಪಾಪವೋ, ಪುಣ್ಯವೋ?"

ಹಾಡುಹಗಲಲ್ಲಿ ಪಂಜು ಹಿಡಿದು ಮಠದ ಅಂಗಳಕ್ಕೆ ನುಗ್ಗಿದ ಶಿಷ್ಯ ಹಯ್ಯಾಳಪ್ಪ ಗುರುಗಳನ್ನು ಕೇಳಿದ. ಪಂಜಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅದಿನ್ನೂ ಹೊತ್ತಿರಲಿಲ್ಲ. ಅವನು ಮಾತ್ರ ಹೊತ್ತಿ ಉರಿಯುತ್ತಿದ್ದ.

"ನಮ್ಮ ಎರೆಹೊಲದ ತೊಗರಿ ಅಂದರೆ ಏನು! ಒಂದು ಮನೆಯಲ್ಲಿ ಬೇಳೆ ಬೆಂದರೆ ಓಣಿಗೆಲ್ಲ ಘಮ. ಅದನ್ನು ಬಿಟ್ಟು ಆ ಸಾವುಕಾರ ಕಡಲಾಚೆಯ ತೊಗರಿ ತಂದು ಸುರಿದಿದ್ದಾನೆ. ನಮ್ಮ ರಾಶಿ ಕಣದಲ್ಲೇ ಕೊಳೆಯುತ್ತಿದೆ, ಮೂಸಿ ನೋಡುವವರಿಲ್ಲ. ಇವತ್ತು ಸುಡದಿದ್ದರೆ ನಾನು ನನ್ನಪ್ಪನಿಗೆ ಹುಟ್ಟಿದವನೇ ಅಲ್ಲ."

"ಸುಡುವೆಯಂತೆ. ಗೋದಾಮು ಎಲ್ಲಿಗೂ ಓಡಿಹೋಗುವುದಿಲ್ಲ. ಕೂತು ಒಂದು ಕತೆ ಕೇಳು," ಎಂದರು ಗುರುಗಳು.

ಹಯ್ಯಾಳಪ್ಪ ಕೂರಲಿಲ್ಲ. ನಿಂತೇ ಕೇಳಿದ.

ಒಬ್ಬ ರೈತನಿದ್ದ. ಕಾಲುವೆಯ ಕೆಳಗೆ ಅವನ ಗದ್ದೆ, ಮೇಲೆ ತೊಗರಿಯ ಹೊಲ. ಹಿರಿಯರಿಂದ ಬಂದ ನೇಮವೊಂದು ಅವನಿಗಿತ್ತು. ಸಂತೆಗೆ ಹೋದ ಬಂಡಿ ಬರಿದಾಗಿ ಮನೆಗೆ ಮರಳಬಾರದು. ಬತ್ತ ಒಯ್ದರೆ ಉಪ್ಪು ತರಬೇಕು. ಉಪ್ಪು ಸಿಗದಿದ್ದರೆ ಗಡಿಗೆ. ಅದೂ ಇಲ್ಲದಿದ್ದರೆ ದಾರಿಬದಿಯ ಹುಲ್ಲನ್ನಾದರೂ ಕೊಯ್ದು ಹೇರಬೇಕು. ಬರಿಬಂಡಿಯಲ್ಲಿ ದರಿದ್ರ ಕೂತು ಬರುತ್ತದೆ ಎಂಬುದು ಆ ಕಡೆಯವರ ನಂಬಿಕೆ.

ಒಂದು ಸುಗ್ಗಿಯಲ್ಲಿ ಸಾವುಕಾರನೊಬ್ಬ ಬಂದ. ರೈತನ ಬತ್ತವನ್ನೆಲ್ಲ ಕೊಂಡು, ಅಕ್ಕಿ ಮಾಡಿಸಿ, ಹಡಗಿಗೆ ಹೇರಿದ. ರೈತ ಡೊಳ್ಳು ಬಡಿಸಿದ. "ಕಡಲಾಚೆಯವರ ತಟ್ಟೆಗೂ ಅನ್ನ ಹಾಕುವವನು ನಾನೇ," ಎಂದು ಊರ ಕಟ್ಟೆಯ ಮೇಲೆ ಕೂತು ಮೀಸೆ ತಿರುವಿದ.

ಕತೆ ಇಲ್ಲಿಗೆ ಬರುವಾಗ ಹಯ್ಯಾಳಪ್ಪನ ಕೈ ಅವನಿಗೇ ಗೊತ್ತಿಲ್ಲದೆ ತನ್ನ ಮೀಸೆಗೆ ಹೋಗಿತ್ತು. ಗುರುಗಳು ಅದನ್ನು ನೋಡಿ ಕತೆ ಮುಂದುವರಿಸಿದರು.

ರೈತ ಸಾವುಕಾರನ ಬೆನ್ನು ತಟ್ಟಿದ. "ಸಾವುಕಾರ್ರೇ, ನಿಮ್ಮ ಹಡಗು ಅಂದರೆ ಅಷ್ಟು ದೊಡ್ಡ ಬಂಡಿ! ಬರಿದಾಗಿ ತಂದೀರಿ ಮತ್ತೆ, ದರಿದ್ರ ಹತ್ತೀತು!" ಎಂದು ನಕ್ಕ. ಸಾವುಕಾರನೂ ನಕ್ಕ.

ಹಡಗು ಎಷ್ಟೋ ಸಲ ಹೋಯಿತು, ಬಂತು. ಕಡೆಗೊಂದು ಸುಗ್ಗಿಯಲ್ಲಿ ಅದು ತೊಗರಿ ತುಂಬಿಕೊಂಡು ಬಂತು. ಸಾವುಕಾರ ರೈತನ ಕಣದ ಕಡೆ ತಿರುಗಿಯೂ ನೋಡಲಿಲ್ಲ. ತೊಗರಿಯ ರಾಶಿಗೆ ಹುಳ ಬಿತ್ತು. ರೈತ ಉರಿಯುವ ಕೊಳ್ಳಿ ಹಿಡಿದು ಗೋದಾಮಿಗೆ ನುಗ್ಗಿ ಸಾವುಕಾರನ ಕೊರಳಪಟ್ಟಿಗೆ ಕೈ ಹಾಕಿದ.

"ಯಾವ ಕಳ್ಳ ಬೆಳೆದದ್ದೋ ಇದು? ನನ್ನ ಅನ್ನ ಉಂಡು ನನ್ನ ಹೊಟ್ಟೆಗೇ ಒದೆಯುವವನು?"

ಸಾವುಕಾರ ಕೊರಳು ಬಿಡಿಸಿಕೊಳ್ಳಲೂ ಅವಸರಪಡಲಿಲ್ಲ.

"ನಿಮ್ಮಂಥವನೇ ಒಬ್ಬ ರೈತ, ಗೌಡ್ರೇ. ಅವನೂ ಬತ್ತ ಬೆಳೆಯುತ್ತಿದ್ದ. ನಿಮ್ಮ ಅಕ್ಕಿ ಅವನೂರ ಸಂತೆಯಲ್ಲಿ ಇಳಿದ ಮೇಲೆ ಅವನ ಅಕ್ಕಿಯನ್ನು ಕೇಳುವವರಿಲ್ಲದಾಯಿತು. ನೆಲ ಬೀಳು ಬಿಡಲಾದೀತೇ? ತೊಗರಿ ಬಿತ್ತು ಅಂತ ನಾನೇ ಅಂದೆ, ಬಿತ್ತಿದ. ಹಡಗು ಬರಿದಾಗಿ ತರಬೇಡಿ ಅಂದವರು ನೀವೇ ಅಲ್ಲವೇ?"

ರೈತನ ಕೈಯ ಕೊಳ್ಳಿ ಹಿಡಿದಲ್ಲೇ ಆರಿತು.

ಗುರುಗಳು ಕತೆ ನಿಲ್ಲಿಸಿದರು.

ಹಯ್ಯಾಳಪ್ಪ ಕಡಲಾಚೆಯ ಆ ರೈತನನ್ನು ಬಯ್ಯಲು ಬಾಯಿ ತೆರೆದ. ಬೈಗುಳ ಬರಲಿಲ್ಲ. ಬರಲಿಲ್ಲವೆಂದೇ ಸಿಟ್ಟು ಇನ್ನಷ್ಟು ನೆತ್ತಿಗೇರಿತು.

"ಹಾಗಾದರೆ ಆಚೆಯವನನ್ನೂ ಈಚೆಯವನನ್ನೂ ನುಂಗಿ ನೀರು ಕುಡಿದ ಸಾವುಕಾರ ಸಾಚಾನೇ? ನಿಮ್ಮ ಆ ರೈತ ಹೇಡಿ, ಅಪ್ಪಾವರೇ! ನಾನಾಗಿದ್ದರೆ ಕೊಳ್ಳಿ ಆರಲು ಬಿಡುತ್ತಿರಲಿಲ್ಲ. ಬೆಂಕಿಪೊಟ್ಟಣ ಕೊಡಿ ಇತ್ತ!"

ಗುರುಗಳು ಬೆಂಕಿಪೊಟ್ಟಣವನ್ನು ಅವನ ಅಂಗೈಯಲ್ಲಿಟ್ಟರು.

"ಹಚ್ಚು ಮಗಾ, ಆದರೆ ನಮ್ಮೂರ ಗಾಣ ನಿಂತು, ಕಡಲಾಚೆಯ ಎಣ್ಣೆ ಬರತೊಡಗಿ ಇಷ್ಟು ವರ್ಷವಾಯಿತಲ್ಲ, ಈ ಪಂಜಿಗೆ ಎಣ್ಣೆಯನ್ನು ಯಾರ ಅಂಗಡಿಯಿಂದ ತಂದೆ?"