ಸಾವಂತ್ರಿ ಕಾಲು ತೊಳೆದ ಸಂಜೆ

ಮಲಪ್ರಭೆಯ ದಡದಲ್ಲಿದ್ದ ಆಶ್ರಮದಲ್ಲಿ ಇಂದುಧರ ತನ್ನ ಮೊದಲ ಕಾದಂಬರಿ ಬರೆದು ಮುಗಿಸಿದ.

ಹಾಳೆಗಳನ್ನೆಲ್ಲ ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ ಗುರು ಚೆನ್ನವೀರಯ್ಯನವರ ಮುಂದಿಟ್ಟ. ಅವರನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು.

"ಅಜ್ಜಾರ, ಓದಿ ನೋಡ್ರಿ. ನೀವು ಹೂಂ ಅಂದ್ರ ಅಚ್ಚಿಗೆ ಕೊಡತೀನಿ. ಬ್ಯಾಡ ಅಂದ್ರ ಇನ್ನ ಮ್ಯಾಲೆ ಪೆನ್ನು ಹಿಡಿಯೂದಿಲ್ಲ."

ಅಜ್ಜಾರು ಗಂಟು ಬಿಚ್ಚಲಿಲ್ಲ.

"ನಿನಗ ಎಂಥಾ ಪುಸ್ತಕ ಸೇರತಾವು?"

"ದೊಡ್ಡ ದೊಡ್ಡವು. ರಾಜರು, ಯುದ್ಧ, ಹಡಗು, ನಾವು ಕಾಣದ ದೇಶ. ಸಣ್ಣಾಂವ ಇದ್ದಾಗಿಂದ ಅವನ್ನ ಓದಕೋತನ ಬೆಳದೀನ್ರಿ."

"ನೀ ಬರದದ್ದು?"

"ಇದ್ರಾಗೂ ಒಬ್ಬ ರಾಜ ಅದಾನ್ರಿ. ದೊಡ್ಡದೊಂದು ಯುದ್ಧ ಐತಿ. ಅವನ ಕುದುರೆ ಲಾಯದಾಗ ದುಡಿಯೋ ಗಂಡ ಹೆಂಡತಿ ಅದಾರ."

ಅಜ್ಜಾರು ಗಂಟನ್ನು ಅವನ ಕಡೆಗೇ ಸರಿಸಿದರು.

"ಕಲ್ಲವ್ವಗ ಓದಿ ಹೇಳು."

ಇಂದುಧರನ ಮುಖ ಸಣ್ಣದಾಯಿತು.

ಕಲ್ಲವ್ವ ಗಂಡ ಸತ್ತ ಮೇಲೆ ಆಶ್ರಮಕ್ಕೆ ಬಂದವಳು. ಬಹಳ ವರ್ಷ ಅಡುಗೆಮನೆ ನೋಡಿಕೊಂಡಿದ್ದಳು. ಈಗ ಹಾಸಿಗೆ ಹಿಡಿದಿದ್ದಳು. ಕಣ್ಣು ಮಂಜಾಗಿತ್ತು. ತನ್ನ ಹಿಂದಿನ ಸಂಗತಿಯನ್ನು ಆಕೆ ಯಾರೊಡನೆಯೂ ಆಡಿದವಳಲ್ಲ. ಓದು ಬರಹವಂತೂ ಬಾರದು.

ಗುರುವಿನ ಮಾತು. ಮೀರುವ ಹಾಗಿರಲಿಲ್ಲ.

ಬೆಳಿಗ್ಗೆ ಅವಳ ಹಾಸಿಗೆಯ ಪಕ್ಕ ಕುಳಿತು ಓದತೊಡಗಿದ. ರಾಜ ಸಭೆಯಲ್ಲಿ ಮಾತಾಡುವಾಗ ಕಲ್ಲವ್ವ ನೀರು ಕೇಳಿದಳು. ಸೈನ್ಯ ಹೊರಟಿತು. ಕಲ್ಲವ್ವ ಆಕಳಿಸಿದಳು. ಅವನು ತಿಂಗಳುಗಟ್ಟಲೆ ತಿದ್ದಿ ತಿದ್ದಿ ಬರೆದ ಯುದ್ಧ ಶುರುವಾಗುವ ಹೊತ್ತಿಗೆ ಸಣ್ಣಗೆ ಗೊರಕೆ ಕೇಳಿಸಿತು.

ಇಂದುಧರ ಎದ್ದು ಅಜ್ಜಾರ ಬಳಿ ಹೋದ.

"ಆಕಿ ನಿದ್ದಿ ಮಾಡ್ಯಾಳ್ರಿ."

"ಮಾಡ್ಲಿ. ನೀ ನಿದ್ದಿ ಮಾಡಬ್ಯಾಡ."

ಆ ಮಾತು ಅವನಿಗೆ ತಿಳಿಯಲಿಲ್ಲ. ಮರುದಿನ ಮತ್ತೆ ಹೋಗಿ ಕುಳಿತ.

ಕಥೆಯಲ್ಲಿ ಆಗ ಲಾಯದವನ ಹೆಂಡತಿ ಸಾವಂತ್ರಿಯ ಕೂಸಿಗೆ ಜ್ವರ ಬರುತ್ತದೆ. ಕೂಸು ಉಳಿಯುವುದಿಲ್ಲ. ಅದೆಲ್ಲ ಒಂದೇ ಪುಟ. ಬೇಗ ಯುದ್ಧಕ್ಕೆ ಮರಳಬೇಕೆಂದು ಅವಸರದಲ್ಲಿ ಬರೆದದ್ದು. ಓದುವಾಗಲೂ ಅವಸರವೇ ಇತ್ತು.

"ಕೂಸನ್ನು ಮಣ್ಣು ಮಾಡಿ ಇಬ್ಬರೂ ಮನೆಗೆ ಬಂದರು. ಸಾವಂತ್ರಿ ಹೊಸ್ತಿಲ ಮೇಲೆ ಕುಳಿತಳು. ಗಂಡ ಸಮಾಧಾನದ ಮಾತು ಹೇಳಲಿಲ್ಲ. ನೀರು ಕಾಸೀನಿ, ಕಾಲ ತೊಳಕೋ ಅಂದ."

ಕಲ್ಲವ್ವನ ಕೈ ಬಂದು ಅವನ ಮಣಿಕಟ್ಟನ್ನು ಹಿಡಿಯಿತು.

"ಯಾರು ಹೇಳಿದ್ರು ನಿನಗ?"

"ಏನವ್ವ?"

"ಅದು ನನ್ನ ಗಂಡ ಆಡಿದ ಮಾತು. ಮಗಳನ್ನ ಮಣ್ಣು ಮಾಡಿ ಬಂದ ದಿನ ಆಡಿದ್ದು. ಮನಿಯೊಳಗ ನಾವಿಬ್ಬರ ಇದ್ವಿ. ನಾ ಯಾರ ಮುಂದೂ ಹೇಳಿಲ್ಲ. ಅಂವಾ ಹೋಗಿ ಎಷ್ಟೋ ವರ್ಷಾತು. ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲವ್ವ. ನಾನ ಕಟ್ಟಿ ಬರದದ್ದು."

"ಸುಳ್ಳಾಡಬ್ಯಾಡ."

ಆಕೆ ಗೋಡೆಯ ಕಡೆ ಹೊರಳಿದಳು. ಮಧ್ಯಾಹ್ನ ಇಟ್ಟ ಅಂಬಲಿ ಹಾಗೇ ಉಳಿಯಿತು.

ಇಂದುಧರನಿಗೆ ಕೂಳು ಸೇರಲಿಲ್ಲ. ಅವನಿಗೆ ಮದುವೆಯಾಗಿರಲಿಲ್ಲ. ಕೂಸನ್ನು ಮಣ್ಣು ಮಾಡುವುದನ್ನು ಅವನು ಕಂಡವನೂ ಅಲ್ಲ. ಆ ಮಾತು ಎಲ್ಲಿಂದ ಬಂತೆಂದು ನೆನಪು ಮಾಡಿಕೊಂಡ. ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಯಾರ ಬಾಯಲ್ಲೂ ಕೇಳಿರಲಿಲ್ಲ. ಬರೆಯುವಾಗ ಬಂದಿತ್ತು, ಅಷ್ಟೆ. ತೀರಾ ಸಾದಾ ಮಾತಾಯಿತೆಂದು ಒಮ್ಮೆ ಹೊಡೆದುಹಾಕಲೂ ಹೊರಟಿದ್ದ.

ಹೊತ್ತು ಇಳಿಯುವಾಗ ಕಲ್ಲವ್ವ ತಾನೇ ಕರೆದಳು.

"ಆ ಮಾತು ಇನ್ನೊಮ್ಮಿ ಓದು."

ಓದಿದ.

"ಇನ್ನೊಮ್ಮಿ."

ಓದಿದ.

"ಆಮ್ಯಾಲ ಏನು ಮಾಡಿದ್ಳು ಆಕಿ?"

ಅವನು ಮುಂದೆ ಓದಿದ.

"ಸಾವಂತ್ರಿ ಎದ್ದಳು. ಗಂಡ ಚರಿಗೆಯಿಂದ ನೀರು ಹಾಕಿದ. ಆಕೆ ಕಾಲು ತೊಳೆದುಕೊಂಡಳು. ನೀರು ಬೆಚ್ಚಗಿತ್ತು."

"ನಾ ಏಳಲಿಲ್ಲಪಾ," ಎಂದಳು ಕಲ್ಲವ್ವ. "ಹೊಸ್ತಲದಾಗ ಕುಂತೇ ಬಿಟ್ಟೆ. ನೀರು ಆರಿ ಹೋತು. ಮುಂಜಾನೆ ಅಂವಾ ಅದನ್ನ ಒಯ್ದು ಚೆಲ್ಲಿದ. ಒಂದು ಮಾತೂ ಆಡಲಿಲ್ಲ. ಅಂವಾ ಇರೋತನಕ ನಾವಿಬ್ಬರೂ ಆ ನೀರಿನ ಸುದ್ದಿ ತಗೀಲಿಲ್ಲ."

ಆಕೆ ಕೈಯಾಡಿಸಿ ಹಾಳೆಯನ್ನು ಹುಡುಕಿ, ಅದರ ಮೇಲೆ ಅಂಗೈ ಇಟ್ಟಳು. ಕೂಸಿನ ಹಣೆ ಮುಟ್ಟಿ ನೋಡುವ ಹಾಗೆ.

"ಇಕಿಯಾದ್ರೂ ತೊಳಕೊಂಡ್ಳಲ್ಲ. ಛಲೋ ಆತು."

ಆಮೇಲೆ ಅಂಬಲಿ ಬೇಡಿ ಕುಡಿದಳು. ಮಲಗಿದಳು.

ಇಂದುಧರ ಹೊಳೆಗೆ ಇಳಿಯುವ ಮೆಟ್ಟಿಲಿಗೆ ಬಂದ. ಅಜ್ಜಾರು ಅಲ್ಲಿ ಕುಳಿತಿದ್ದರು. ನಡೆದದ್ದನ್ನೆಲ್ಲ ಹೇಳಿದ.

"ಅಜ್ಜಾರ, ಅದು ನನಗ ಗೊತ್ತಿರಲಿಲ್ಲ. ಗೊತ್ತಿರಾಕ ಸಾಧ್ಯನ ಇಲ್ಲ. ಹಂಗಾದ್ರ ಬರದವರು ಯಾರ್ರಿ?"

ಅಜ್ಜಾರು ಅವನ ಬಲಗೈ ಹಿಡಿದುಕೊಂಡರು. ಬೆರಳಿಗೆ ಮಸಿ ಮೆತ್ತಿತ್ತು. ಆ ಕೈಯನ್ನು ಮೆಲ್ಲಗೆ ಎತ್ತಿ ತಮ್ಮ ಎರಡೂ ಕಣ್ಣಿಗೆ ಒತ್ತಿಕೊಂಡರು.

ಇಂದುಧರ ಗಾಬರಿಯಾಗಿ ಕೈ ಹಿಂದಕ್ಕೆಳೆದುಕೊಂಡ.

"ಹಿಂಗ ಮಾಡಬ್ಯಾಡ್ರಿ. ನನಗ ಅಂಜಿಕಿ ಬರತೈತಿ."

"ಬರಬೇಕು."

ಹೊಳೆ ಸದ್ದಿಲ್ಲದೆ ಹರಿಯುತ್ತಿತ್ತು.

"ಅಚ್ಚಿಗೆ ಕೊಡು," ಎಂದರು ಅಜ್ಜಾರು.

"ಕೊಡತೀನ್ರಿ. ಆದ್ರ ಅದರ ಮ್ಯಾಲೆ ನನ್ನ ಹೆಸರು ಹೆಂಗ ಹಾಕಲ್ರಿ? ಅದು ನನ್ನದಲ್ಲ."

ಅಜ್ಜಾರು ಎದ್ದು ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಹಾಕಪಾ. ಅದ್ರಾಗ ತಪ್ಪೂ ಇರತಾವಲ್ಲ, ಅವು ಯಾರವು?"